ಎಚ್‌ಡಿಆರ್ ಚಿತ್ರಸಂವೇದಕ

ಎಚ್‌ಡಿಆರ್ ಚಿತ್ರಸಂವೇದಕ ಎಂಬುದು ಒಂದೇ ದೃಶ್ಯದಲ್ಲಿರುವ ಅತ್ಯಂತ ಪ್ರಕಾಶಮಾನ ಭಾಗವನ್ನೂ ಅತ್ಯಂತ ಮಬ್ಬಾದ ಭಾಗವನ್ನೂ ವಿವರ ನಷ್ಟವಾಗದಂತೆ ದಾಖಲಿಸಲು ವಿನ್ಯಾಸಗೊಳಿಸಿದ ವಿದ್ಯುನ್ಮಾನ ಸಂವೇದಕವಾಗಿದೆ. ಎಚ್‌ಡಿಆರ್ ಎಂಬುದು ಹೈ ಡೈನಮಿಕ್ ರೇಂಜ್ ಎಂಬುದರ ಸಂಕ್ಷಿಪ್ತ ರೂಪ. ಸಂವೇದಕವು ಗುರುತಿಸಬಲ್ಲ ಗರಿಷ್ಠ ಮತ್ತು ಕನಿಷ್ಠ ಬೆಳಕಿನ ಅನುಪಾತವನ್ನು ಡೈನಮಿಕ್ ರೇಂಜ್ ಅಥವಾ ಬೆಳಕಿನ ವ್ಯಾಪ್ತಿ ಎನ್ನುತ್ತಾರೆ. ಸಿಸಿಟಿವಿ ಮಾರುಕಟ್ಟೆಯಲ್ಲಿ ಇದೇ ಗುಣವನ್ನು ಡಬ್ಲ್ಯುಡಿಆರ್ ಎಂಬ ಹೆಸರಿನಿಂದಲೂ ಸೂಚಿಸುವುದುಂಟು.

ಮೊಬೈಲ್ ಫೋನ್, ವಾಹನ, ಭದ್ರತಾ ಕ್ಯಾಮೆರಾ, ಕೈಗಾರಿಕಾ ಕುಲುಮೆಗಳ ವೀಕ್ಷಣೆ, ಬಾಹ್ಯಾಕಾಶ ದೂರದರ್ಶಕ ಮೊದಲಾದ ಕಡೆಗಳಲ್ಲಿ ಇವು ಬಳಕೆಯಲ್ಲಿವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪ್ರದೇಶದಲ್ಲಿ ಬಯಲು ಗಣಿ, ಸಿಮೆಂಟ್ ಗೂಡು, ರೈಲು ಜಂಕ್ಷನ್ ಮತ್ತು ಒಣ ಅರಣ್ಯ ಅಕ್ಕಪಕ್ಕದಲ್ಲಿರುವುದರಿಂದ, ಸಾಮಾನ್ಯ ಕ್ಯಾಮೆರಾದ ಮಿತಿಗಳನ್ನೂ ಎಚ್‌ಡಿಆರ್ ಸಂವೇದಕದ ಅಗತ್ಯವನ್ನೂ ಅರಿಯಲು ಈ ಪ್ರದೇಶ ಉತ್ತಮ ಉದಾಹರಣೆಯಾಗಿದೆ.

ಮೂಲ ತತ್ವ

ಚಿತ್ರಸಂವೇದಕವು ಲಕ್ಷಾಂತರ ಪಿಕ್ಸೆಲ್‌ಗಳಿಂದ ಕೂಡಿರುತ್ತದೆ. ಪಿಕ್ಸೆಲ್‌ನ ಮೇಲೆ ಬಿದ್ದ ಬೆಳಕಿನ ಕಣಗಳು ಎಲೆಕ್ಟ್ರಾನ್‌ಗಳನ್ನು ಬಿಡುಗಡೆ ಮಾಡುತ್ತವೆ. ಆ ಎಲೆಕ್ಟ್ರಾನ್‌ಗಳು ಪಾತ್ರೆಯಲ್ಲಿ ಮಳೆನೀರು ಸೇರುವಂತೆ ಪಿಕ್ಸೆಲ್‌ನಲ್ಲಿ ಸಂಗ್ರಹವಾಗುತ್ತವೆ. ಪಾತ್ರೆಗೆ ಎರಡು ಮಿತಿಗಳಿವೆ. ತುಂಬಿದ ಮೇಲೆ ಬಿದ್ದ ಬೆಳಕು ಲೆಕ್ಕಕ್ಕೆ ಬರುವುದಿಲ್ಲ. ಇದು ಸಂತೃಪ್ತಿಯ ಮಿತಿ. ತಳದಲ್ಲಿರುವ ಅತ್ಯಲ್ಪ ಪ್ರಮಾಣವನ್ನು ಅಳೆಯುವಾಗ ಮಂಡಲದ ಸ್ವಂತ ಗದ್ದಲವೇ ಅದನ್ನು ಮುಚ್ಚಿಹಾಕುತ್ತದೆ. ಇದು ಓದುವಿಕೆಯ ಗದ್ದಲದ ಮಿತಿ. ಈ ಎರಡರ ಅನುಪಾತವೇ ಸಂವೇದಕದ ಬೆಳಕಿನ ವ್ಯಾಪ್ತಿ.

ಉದಾಹರಣೆಗೆ, ಪಿಕ್ಸೆಲ್ ಗರಿಷ್ಠ 10,000 ಎಲೆಕ್ಟ್ರಾನ್‌ಗಳನ್ನು ಹಿಡಿಯಬಲ್ಲದಾಗಿದ್ದು, ಓದುವಿಕೆಯ ಗದ್ದಲ 2 ಎಲೆಕ್ಟ್ರಾನ್‌ಗಳಷ್ಟಿದ್ದರೆ ಅನುಪಾತ 5,000 ಆಗುತ್ತದೆ. ಇದನ್ನು ಡೆಸಿಬೆಲ್‌ನಲ್ಲಿ ಹೇಳುವಾಗ ಅನುಪಾತದ ಲಾಗರಿದಮ್ ಅನ್ನು 20ರಿಂದ ಗುಣಿಸುತ್ತಾರೆ; ಇಲ್ಲಿ ಅದು ಸುಮಾರು 74 ಡೆಸಿಬೆಲ್. ಛಾಯಾಗ್ರಾಹಕರು ಬಳಸುವ ‘ಸ್ಟಾಪ್’ ಎಂಬ ಅಳತೆಯಲ್ಲಿ ಪ್ರತಿ ಸ್ಟಾಪ್ ಬೆಳಕಿನ ಇಮ್ಮಡಿಯನ್ನು ಸೂಚಿಸುತ್ತದೆ ಮತ್ತು ಸುಮಾರು 6 ಡೆಸಿಬೆಲ್‌ಗೆ ಸಮನಾಗಿರುತ್ತದೆ. ಆದ್ದರಿಂದ 74 ಡೆಸಿಬೆಲ್ ಎಂದರೆ ಸುಮಾರು 12 ಸ್ಟಾಪ್. 120 ಡೆಸಿಬೆಲ್ ಎಂದರೆ ಹತ್ತು ಲಕ್ಷಕ್ಕೆ ಒಂದು ಎಂಬ ಅನುಪಾತ.

ಈ ಸಂಖ್ಯೆಯನ್ನು ಓದುವಾಗ ಒಂದು ಎಚ್ಚರ ಅಗತ್ಯ. ವ್ಯಾಪ್ತಿಯ ತಳಭಾಗದಲ್ಲಿ ಸಂಕೇತವೂ ಗದ್ದಲವೂ ಸಮನಾಗಿರುವುದರಿಂದ ಅಲ್ಲಿ ವಸ್ತುವನ್ನು ಗುರುತಿಸಲು ಆಗುವುದಿಲ್ಲ. ಬೆಳಕಿನ ಕಣಗಳು ಬೀಳುವ ಕ್ರಮವೇ ಅನಿಯತವಾದುದರಿಂದ 100 ಎಲೆಕ್ಟ್ರಾನ್‌ಗಳ ಸಂಕೇತದಲ್ಲಿ ಸುಮಾರು 10 ಎಲೆಕ್ಟ್ರಾನ್‌ಗಳಷ್ಟು ಏರುಪೇರು ಸಹಜ. ಸಂಕೇತವು ಗದ್ದಲದ ಹತ್ತುಪಟ್ಟು ಇರಬೇಕೆಂದು ಅಪೇಕ್ಷಿಸಿದರೆ ಮೇಲಿನ ಸಂವೇದಕದ ಉಪಯುಕ್ತ ವ್ಯಾಪ್ತಿ 5,000ಕ್ಕೆ ಬದಲಾಗಿ ಸುಮಾರು 100ಕ್ಕೆ ಇಳಿಯುತ್ತದೆ. ಹೀಗಾಗಿ ಕಾಗದದ ಮೇಲೆ ಸಾಕಷ್ಟು ವ್ಯಾಪ್ತಿ ಇರುವ ಕ್ಯಾಮೆರಾವೂ ನೆರಳಿನಲ್ಲಿ ನಿಂತ ವ್ಯಕ್ತಿಯ ಮುಖವನ್ನು ತೋರಿಸಲು ವಿಫಲವಾಗಬಹುದು.

ಸಂತೃಪ್ತಗೊಂಡ ಪಿಕ್ಸೆಲ್‌ನಲ್ಲಿ ಕಳೆದುಹೋದ ಮಾಹಿತಿಯನ್ನು ಅನಂತರ ಯಾವ ತಂತ್ರಾಂಶದಿಂದಲೂ ಮರಳಿ ಪಡೆಯಲಾಗದು. ಸುತ್ತಲಿನ ಭಾಗವನ್ನು ಆಧರಿಸಿ ಊಹಿಸಿ ತುಂಬಬಹುದು. ಆದರೆ ಅದು ಊಹೆಯೇ ಹೊರತು ದಾಖಲೆಯಲ್ಲ.

ಇತಿಹಾಸ

ಬೆಳಕಿನ ವ್ಯಾಪ್ತಿಯ ಸಮಸ್ಯೆ ಛಾಯಾಚಿತ್ರಣದಷ್ಟೇ ಹಳೆಯದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಆಕಾಶಕ್ಕೆ ಒಂದು, ಸಮುದ್ರಕ್ಕೆ ಇನ್ನೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಚಿತ್ರವಾಗಿ ಮುದ್ರಿಸಿದನು. 20ನೆಯ ಶತಮಾನದ ಮಧ್ಯದಲ್ಲಿ ಚಾರ್ಲ್ಸ್ ವೈಕಾಫ್ ಭಿನ್ನ ಸಂವೇದನೆಯ ಪದರಗಳುಳ್ಳ ಫಿಲ್ಮ್ ಬಳಸಿ ಪರಮಾಣು ಸ್ಫೋಟಗಳ ಚಿತ್ರಗಳನ್ನು ತೆಗೆದನು.

1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿಯನ್ನು ರೂಪಿಸಿದರು. ಇದಕ್ಕಾಗಿ ಅವರು 2009ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಅಭಿವೃದ್ಧಿಪಡಿಸಿದ ಸಿಮಾಸ್ ಸಂವೇದಕವು ಪ್ರತಿ ಪಿಕ್ಸೆಲ್‌ನೊಳಗೇ ವರ್ಧಕವನ್ನು ಅಳವಡಿಸಲು ಅವಕಾಶ ನೀಡಿತು. ಇಂದಿನ ಬಹುತೇಕ ಎಚ್‌ಡಿಆರ್ ವಿಧಾನಗಳಿಗೆ ಇದೇ ತಳಹದಿ. ಹಲವು ಮಾನ್ಯತೆಗಳ ಚಿತ್ರಗಳನ್ನು ಗಣಿತದ ಮೂಲಕ ಒಂದಾಗಿಸುವ ಕ್ರಮವನ್ನು 1995ರಲ್ಲಿ ಸ್ಟೀವ್ ಮಾನ್ ಮತ್ತು ರೋಸಲಿಂಡ್ ಪಿಕಾರ್ಡ್, 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಪ್ರಕಟಿಸಿದರು. ಪಿಕ್ಸೆಲ್‌ಗಳಿಗೆ ಬೇರೆಬೇರೆ ಸಂವೇದನೆ ನೀಡಿ ಒಂದೇ ಚಿತ್ರದಿಂದ ವ್ಯಾಪ್ತಿ ಹೆಚ್ಚಿಸುವ ವಿಧಾನವನ್ನು 2000ದಲ್ಲಿ ಶ್ರೀ ನಾಯರ್ ಮತ್ತು ತೊಮೊ ಮಿತ್ಸುನಾಗ ಮಂಡಿಸಿದರು. 2010ರಲ್ಲಿ ಐಫೋನ್ 4ರಲ್ಲಿ ಎಚ್‌ಡಿಆರ್ ಆಯ್ಕೆ ದೊರೆತ ಬಳಿಕ ಈ ಪದ ಜನಸಾಮಾನ್ಯರಿಗೂ ಪರಿಚಿತವಾಯಿತು.

ವ್ಯಾಪ್ತಿ ಹೆಚ್ಚಿಸುವ ವಿಧಾನಗಳು

ಬಹುಮಾನ್ಯತೆ: ಸಂವೇದಕವು ಬೆಳಕಿಗೆ ತೆರೆದುಕೊಂಡಿರುವ ಅವಧಿಯನ್ನು ಮಾನ್ಯತೆ ಎನ್ನುತ್ತಾರೆ. ದೀರ್ಘ ಮಾನ್ಯತೆಯಿಂದ ನೆರಳನ್ನೂ ಹ್ರಸ್ವ ಮಾನ್ಯತೆಯಿಂದ ಪ್ರಕಾಶಮಾನ ಭಾಗವನ್ನೂ ಪಡೆದು ಎರಡನ್ನೂ ಬೆಸೆಯಲಾಗುತ್ತದೆ. ಎರಡು ಮಾನ್ಯತೆಗಳ ಅನುಪಾತ 16 ಆಗಿದ್ದರೆ ವ್ಯಾಪ್ತಿ 24 ಡೆಸಿಬೆಲ್‌ನಷ್ಟು ಹೆಚ್ಚುತ್ತದೆ. ಮೇಲಿನ 74 ಡೆಸಿಬೆಲ್ ಸಂವೇದಕದಲ್ಲಿ ಇಂತಹ ಮೂರು ಮಾನ್ಯತೆಗಳನ್ನು ಬೆಸೆದರೆ ಸುಮಾರು 122 ಡೆಸಿಬೆಲ್ ದೊರೆಯುತ್ತದೆ. ಮಾನ್ಯತೆಗಳನ್ನು ಇಡೀ ಚಿತ್ರಕ್ಕೆ ಒಂದಾದ ಮೇಲೊಂದರಂತೆ ತೆಗೆಯದೆ ಸಾಲುಸಾಲಾಗಿ ಓದುವ ಸಂವೇದಕಗಳಲ್ಲಿ ಅವುಗಳ ನಡುವಿನ ಕಾಲಾಂತರ ಕಡಿಮೆ.

ದ್ವಿ-ಗಳಿಕೆ: ಒಂದೇ ಮಾನ್ಯತೆಯಲ್ಲಿ ಸಂಗ್ರಹವಾದ ಎಲೆಕ್ಟ್ರಾನ್‌ಗಳನ್ನು ಹೆಚ್ಚು ವರ್ಧನೆಯಿಂದ ಒಮ್ಮೆ, ಕಡಿಮೆ ವರ್ಧನೆಯಿಂದ ಇನ್ನೊಮ್ಮೆ ಓದಲಾಗುತ್ತದೆ. ಮೊದಲನೆಯದು ನೆರಳಿಗೆ, ಎರಡನೆಯದು ಪ್ರಕಾಶಕ್ಕೆ. ಎರಡೂ ಒಂದೇ ಕ್ಷಣಕ್ಕೆ ಸೇರಿದುದರಿಂದ ಚಲಿಸುವ ವಸ್ತುಗಳು ಇಬ್ಬಗೆಯಾಗಿ ಕಾಣುವುದಿಲ್ಲ. 2010ರಲ್ಲಿ ಬಂದ ಆರಿ ಅಲೆಕ್ಸಾ ಸಿನಿಮಾ ಕ್ಯಾಮೆರಾ ಈ ವಿಧಾನವನ್ನು ಬಳಸಿತು.

ವಿಭಜಿತ ಪಿಕ್ಸೆಲ್: ಪ್ರತಿ ಪಿಕ್ಸೆಲ್‌ನಲ್ಲಿ ದೊಡ್ಡದೊಂದು, ಚಿಕ್ಕದೊಂದು ಬೆಳಕುಗ್ರಾಹಿ ಭಾಗವಿರುತ್ತದೆ. ದೊಡ್ಡದು ಬೇಗ ತುಂಬಿದರೂ ಚಿಕ್ಕದು ತುಂಬದೆ ಉಳಿದು ತೀವ್ರ ಬೆಳಕನ್ನು ಅಳೆಯುತ್ತದೆ. ಫ್ಯೂಜಿಫಿಲ್ಮ್ ಸಂಸ್ಥೆ ಇದನ್ನು 2003ರಲ್ಲಿ ಸಾಮಾನ್ಯ ಕ್ಯಾಮೆರಾಗಳಲ್ಲಿ ತಂದಿತು. ಇಂದು ವಾಹನ ಕ್ಯಾಮೆರಾಗಳಲ್ಲಿ ಇದರ ಬಳಕೆ ಹೆಚ್ಚು.

ಉಕ್ಕಿಹರಿವಿನ ಸಂಗ್ರಾಹಕ: ಪಿಕ್ಸೆಲ್ ತುಂಬಿ ಹೊರಚೆಲ್ಲುವ ಎಲೆಕ್ಟ್ರಾನ್‌ಗಳನ್ನು ವ್ಯರ್ಥ ಮಾಡದೆ ಪಕ್ಕದ ಧಾರಕದಲ್ಲಿ ಹಿಡಿದಿಡಲಾಗುತ್ತದೆ. ಇದರ ಅಭಿವೃದ್ಧಿಯಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಪಾತ್ರ ಪ್ರಮುಖವಾದುದು.

ಲಾಗರಿದಮಿಕ್ ಪಿಕ್ಸೆಲ್: ಇದರ ಉತ್ತರವು ಬೆಳಕಿನ ಪ್ರಮಾಣಕ್ಕಲ್ಲದೆ ಅದರ ಲಾಗರಿದಮ್‌ಗೆ ಅನುಗುಣವಾಗಿರುತ್ತದೆ. ವ್ಯಾಪ್ತಿ ಬಹಳ ದೊಡ್ಡದು. ಆದರೆ ಮಂದ ಬೆಳಕಿನಲ್ಲಿ ಗುಣಮಟ್ಟ ಕಡಿಮೆ. ಬೆಸುಗೆಯ ಕಿಡಿಯಂತಹ ತೀವ್ರ ಬೆಳಕನ್ನು ಗಮನಿಸಲು ಉಪಯುಕ್ತ.

ಘಟನಾ ಸಂವೇದಕ: ಪೂರ್ಣ ಚಿತ್ರವನ್ನು ತೆಗೆಯದೆ ಬೆಳಕು ಬದಲಾದ ಪಿಕ್ಸೆಲ್‌ಗಳನ್ನಷ್ಟೇ ವರದಿ ಮಾಡುತ್ತದೆ. ಜ್ಯೂರಿಕ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಇಂತಹ ಸಂವೇದಕದ ವ್ಯಾಪ್ತಿ 120 ಡೆಸಿಬೆಲ್ ಆಗಿತ್ತು.

ಸೇಡಂ–ವಾಡಿ ಪ್ರದೇಶದಲ್ಲಿ ಬೆಳಕಿನ ಸ್ಥಿತಿ ಮತ್ತು ಅನ್ವಯಗಳು

ಕಲಬುರಗಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವ ಭಾಗವು ಭೀಮಾ ಶಿಲಾಸಮೂಹದ ಸುಣ್ಣಕಲ್ಲಿನ ನೆಲ. ನೆಲಹಾಸಿಗೆ ಬಳಸುವ ಶಹಾಬಾದ್ ಕಲ್ಲು ಇಲ್ಲಿನದೇ. ವಾಡಿ, ಸೇಡಂ ಮತ್ತು ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಸುಣ್ಣಕಲ್ಲು ಮೂಲವಸ್ತು.

ಬಯಲು ಗಣಿ

ಬೇಸಿಗೆಯ ನಡುಮಧ್ಯಾಹ್ನ ನೇರ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು 1,00,000 ಲಕ್ಸ್. ಕಲ್ಲು ಪುಡಿ ಮಾಡುವ ಕ್ರಷರ್ ಶೆಡ್ಡಿನ ಒಳಗೆ 100 ಲಕ್ಸ್ ಇದೆಯೆಂದು ಭಾವಿಸಿದರೆ ಈ ಅಂತರವೇ ಸಾವಿರಪಟ್ಟು. ದೂಳು ಮುಚ್ಚಿದ ನೆಲ ತನ್ನ ಮೇಲೆ ಬಿದ್ದ ಬೆಳಕಿನ ಅರ್ಧದಷ್ಟನ್ನೂ ಕಡುಬಣ್ಣದ ಬಟ್ಟೆ ಇಪ್ಪತ್ತನೆಯ ಒಂದು ಭಾಗವನ್ನೂ ಪ್ರತಿಫಲಿಸಿದರೆ ಒಟ್ಟು ಅನುಪಾತ 10,000ಕ್ಕೆ, ಅಂದರೆ 80 ಡೆಸಿಬೆಲ್‌ಗೆ ಏರುತ್ತದೆ. 74 ಡೆಸಿಬೆಲ್‌ನ ಸಾಮಾನ್ಯ ಸಂವೇದಕ ಒಂದೇ ಮಾನ್ಯತೆಯಲ್ಲಿ ಇದನ್ನು ಹಿಡಿಯಲಾರದು. ಬಿಸಿಲಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ಶೆಡ್ಡಿನ ಬಾಗಿಲು ಕಪ್ಪು ಚೌಕವಾಗಿ ಕಾಣುತ್ತದೆ. ಒಳಗಿರುವ ಕಾರ್ಮಿಕ ಆ ಕಪ್ಪಿನಲ್ಲಿ ಅಡಗುತ್ತಾನೆ.

ರಾತ್ರಿ ಪಾಳಿಯಲ್ಲಿ ಸಮಸ್ಯೆ ತಿರುಗುಮುರುಗಾಗುತ್ತದೆ. ಎದುರಿಗೆ ಬರುವ ಡಂಪರ್‌ನ ಹೆಡ್‌ಲೈಟ್ ಸುತ್ತಲಿನ ಪಿಕ್ಸೆಲ್‌ಗಳನ್ನು ಸಂತೃಪ್ತಗೊಳಿಸಿದಾಗ ವಾಹನದ ಪಕ್ಕದಲ್ಲಿ ನಡೆಯುವವನು ಚಿತ್ರದಿಂದಲೇ ಮಾಯವಾಗುತ್ತಾನೆ. ಚಿತ್ರದಲ್ಲಿ ಯಾರೂ ಕಾಣದಿರುವುದು ಅಲ್ಲಿ ಯಾರೂ ಇಲ್ಲ ಎಂಬುದಕ್ಕೆ ಸಾಕ್ಷ್ಯವಲ್ಲ. ಹಿಮ್ಮುಖ ಚಲನೆಯ ಕ್ಯಾಮೆರಾ ಮತ್ತು ಗಣಿ ರಸ್ತೆಯ ಕ್ಯಾಮೆರಾಗಳಲ್ಲಿ ವ್ಯಾಪ್ತಿಯ ಪ್ರಶ್ನೆ ಜೀವರಕ್ಷಣೆಯ ಪ್ರಶ್ನೆಯೂ ಆಗುವುದು ಈ ಕಾರಣದಿಂದ.

ಸಿಮೆಂಟ್ ಗೂಡು

ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣಕಲ್ಲಿನ ಮಿಶ್ರಣವನ್ನು ತಿರುಗುವ ಉದ್ದನೆಯ ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ತಾಪಕ್ಕೆ ಕಾಯಿಸಿ ಕ್ಲಿಂಕರ್ ಪಡೆಯುತ್ತಾರೆ. ಗೂಡಿನ ಬಾಯಿಯ ಬಳಿ ತಂಪುಗೊಳಿಸಿದ ಕವಚದೊಳಗೆ ಕ್ಯಾಮೆರಾ ಇರಿಸಿ, ಜ್ವಾಲೆಯನ್ನೂ ಕ್ಲಿಂಕರನ್ನೂ ಕೇಂದ್ರ ನಿಯಂತ್ರಣ ಕೊಠಡಿಯಿಂದ ವೀಕ್ಷಿಸುವುದು ಸಿಮೆಂಟ್ ಉದ್ಯಮದಲ್ಲಿ ಪ್ರಚಲಿತ ಕ್ರಮ.

ಕಾದ ವಸ್ತುವಿನ ಬೆಳಕು ತಾಪದೊಂದಿಗೆ ಅತ್ಯಂತ ವೇಗವಾಗಿ ಹೆಚ್ಚುತ್ತದೆ. ಆದರ್ಶ ಕೃಷ್ಣಕಾಯವೆಂದು ಭಾವಿಸಿ ಲೆಕ್ಕ ಹಾಕಿದರೆ, 1,000 ಡಿಗ್ರಿಯಲ್ಲಿರುವ ವಸ್ತುವಿಗಿಂತ 1,450 ಡಿಗ್ರಿಯಲ್ಲಿರುವ ವಸ್ತು 650 ನ್ಯಾನೊಮೀಟರ್‌ನ ಕೆಂಪು ಬೆಳಕಿನಲ್ಲಿ ಸುಮಾರು 90 ಪಟ್ಟು ಪ್ರಕಾಶಮಾನ. ಜ್ವಾಲೆಯ ತಾಪ ಇನ್ನೂ ಹೆಚ್ಚು. ಇದರೊಂದಿಗೆ ಹಾರುವ ದೂಳು ದೃಶ್ಯವನ್ನು ಆಗಾಗ ಮಸುಕುಗೊಳಿಸುತ್ತದೆ. ಹೀಗಾಗಿ ಜ್ವಾಲೆಗೆ ಹೊಂದಿಸಿದರೆ ಕ್ಲಿಂಕರ್ ಕಾಣುವುದಿಲ್ಲ, ಕ್ಲಿಂಕರ್‌ಗೆ ಹೊಂದಿಸಿದರೆ ಜ್ವಾಲೆಯ ಆಕಾರ ತಿಳಿಯುವುದಿಲ್ಲ.

ಎರಡು ತರಂಗಾಂತರಗಳ ಬೆಳಕಿನ ಅನುಪಾತದಿಂದ ತಾಪವನ್ನು ಅಳೆಯುವ ವ್ಯವಸ್ಥೆಗಳಲ್ಲಿ ಒಂದು ತರಂಗಾಂತರದ ಸಂಕೇತ ಸಂತೃಪ್ತವಾದರೂ ಅನುಪಾತ ತಪ್ಪುತ್ತದೆ. ಅದರ ಪರಿಣಾಮ ಉತ್ಪಾದನೆಯ ಮೇಲಾಗುತ್ತದೆ. ತಾಪ ಕಡಿಮೆಯಾದರೆ ಕ್ಲಿಂಕರ್‌ನಲ್ಲಿ ಸಂಯೋಜನೆಗೊಳ್ಳದ ಸುಣ್ಣ ಉಳಿಯುತ್ತದೆ. ಅತಿಯಾದರೆ ಇಂಧನ ವ್ಯರ್ಥವಾಗುವುದಲ್ಲದೆ ಗೂಡಿನ ಒಳಮೈಯ ಬೆಂಕಿ ಇಟ್ಟಿಗೆಗಳು ಹಾಳಾಗುತ್ತವೆ.

ರೈಲು ಮತ್ತು ರಸ್ತೆ

ವಾಡಿಯಲ್ಲಿ ಮುಂಬೈ–ಚೆನ್ನೈ ಮಾರ್ಗಕ್ಕೆ ಸಿಕಂದರಾಬಾದ್ ಮಾರ್ಗ ಕೂಡುತ್ತದೆ. ಚಿತ್ತಾಪುರ, ಮಳಖೇಡ ರೋಡ್ ಮತ್ತು ಸೇಡಂ ನಿಲ್ದಾಣಗಳು ಸಿಕಂದರಾಬಾದ್ ಮಾರ್ಗದಲ್ಲಿವೆ. ಶಹಾಬಾದ್ ಮುಂಬೈ ದಿಕ್ಕಿನ ಮಾರ್ಗದಲ್ಲಿದೆ. ರಾತ್ರಿಯಲ್ಲಿ ಲೆವೆಲ್ ಕ್ರಾಸಿಂಗ್ ಅಥವಾ ಪ್ಲಾಟ್‌ಫಾರ್ಮ್‌ನ ತುದಿಯನ್ನು ನೋಡುವ ಯಾವುದೇ ಕ್ಯಾಮೆರಾಕ್ಕೆ ಎಂಜಿನ್ನಿನ ದೀಪ ಮತ್ತು ಹಳಿಯ ಪಕ್ಕದ ಕತ್ತಲೆ ಒಟ್ಟಿಗೆ ಎದುರಾಗುತ್ತವೆ.

ಇಲ್ಲಿ ವಿಧಾನದ ಆಯ್ಕೆ ಮುಖ್ಯ. ಗಂಟೆಗೆ 60 ಕಿ.ಮೀ. ವೇಗದ ರೈಲು 10 ಮಿಲಿಸೆಕೆಂಡುಗಳಲ್ಲಿ ಸುಮಾರು 17 ಸೆಂ.ಮೀ. ಮುಂದೆ ಸಾಗಿರುತ್ತದೆ. ಎರಡು ಮಾನ್ಯತೆಗಳ ನಡುವೆ ಅಷ್ಟು ಅಂತರವಿದ್ದರೆ ಬೆಸೆದ ಚಿತ್ರದಲ್ಲಿ ಅಂಚುಗಳು ನೆರಳಿನಂತೆ ಇಬ್ಬಗೆಯಾಗುತ್ತವೆ. ವಾಹನಗಳ ಪ್ರತಿಫಲಕ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿಗೂ ಇದೇ ಕಷ್ಟ: ದೀಪಕ್ಕೆ ಎದುರಾದ ಪ್ಲೇಟ್ ಸಂತೃಪ್ತವಾಗಿ ಅಕ್ಷರಗಳು ಕರಗುತ್ತವೆ, ಮಾನ್ಯತೆ ತಗ್ಗಿಸಿದರೆ ವಾಹನವೇ ಕಾಣುವುದಿಲ್ಲ. ಚಲನೆ ಇರುವ ಕಡೆ ಒಂದೇ ಮಾನ್ಯತೆಯ ದ್ವಿ-ಗಳಿಕೆ ಅಥವಾ ವಿಭಜಿತ ಪಿಕ್ಸೆಲ್ ವಿಧಾನ ಹೆಚ್ಚು ಸೂಕ್ತ.

ಅರಣ್ಯ

ಚಿಂಚೋಳಿ ತಾಲೂಕಿನ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ, ನರಿ ಮೊದಲಾದ ಪ್ರಾಣಿಗಳಿಗೆ ನೆಲೆಯಾದ ಇಂತಹ ಒಣ ಕಾಡುಗಳಲ್ಲಿ ಎಲೆ ಉದುರಿದ ಮರಗಳ ನಡುವೆ ಬಿಸಿಲು ಮತ್ತು ನೆರಳು ತುಂಡುತುಂಡಾಗಿ ಬೀಳುತ್ತದೆ. ರಾತ್ರಿಯಲ್ಲಿ ಅತಿಗೆಂಪು ದೀಪದ ಕ್ಯಾಮೆರಾದ ಹತ್ತಿರ ಬಂದ ಪ್ರಾಣಿ ಬಿಳಿಚಿಹೋಗುತ್ತದೆ, ದೂರದ್ದು ಕತ್ತಲಲ್ಲಿ ಉಳಿಯುತ್ತದೆ. ಮೈಮೇಲಿನ ಪಟ್ಟೆ ಅಥವಾ ಚುಕ್ಕೆಗಳಿಂದ ಒಂದೊಂದು ಪ್ರಾಣಿಯನ್ನು ಗುರುತಿಸುವ ಗಣತಿಯಲ್ಲಿ ಇಂತಹ ಚಿತ್ರಗಳು ನಿರುಪಯುಕ್ತವಾಗುತ್ತವೆ.

ಖಗೋಳ ವೀಕ್ಷಣೆಯಲ್ಲಿ

ಕರ್ನಾಟಕದಲ್ಲೇ ರೂಪುಗೊಂಡ ಒಂದು ಉಪಕರಣ ಸಂವೇದಕದ ಮಿತಿಯನ್ನು ಇನ್ನೊಂದು ರೀತಿಯಲ್ಲಿ ನಿಭಾಯಿಸುತ್ತದೆ. 2023ರ ಸೆಪ್ಟೆಂಬರ್ 2ರಂದು ಇಸ್ರೋ ಉಡಾಯಿಸಿದ ಆದಿತ್ಯ–ಎಲ್1 ನೌಕೆಯಲ್ಲಿರುವ ವಿಇಎಲ್‌ಸಿ ಎಂಬ ಕರೋನಾದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಿರ್ಮಿಸಿತು. ಸೂರ್ಯನ ಹೊರಾವರಣವಾದ ಕರೋನಾ, ಬಿಂಬದ ಅಂಚಿನ ಬಳಿಯೂ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂದ. ಇಲ್ಲಿ ಬಿಂಬದ ಬೆಳಕನ್ನು ಸಂವೇದಕ ತಲುಪುವ ಮೊದಲೇ ದೃಗ್ವ್ಯವಸ್ಥೆಯಲ್ಲಿ ತಡೆಯಲಾಗುತ್ತದೆ. ಉಳಿದ ಕರೋನಾದ ಪ್ರಕಾಶವೂ ಸೂರ್ಯನಿಂದ ದೂರ ಸರಿದಂತೆ ತೀವ್ರವಾಗಿ ಕುಸಿಯುವುದರಿಂದ ಹೆಚ್ಚು ಮತ್ತು ಕಡಿಮೆ ಗಳಿಕೆಗಳಲ್ಲಿ ಓದಬಲ್ಲ ಸಿಮಾಸ್ ಸಂವೇದಕಗಳನ್ನು ಬಳಸಲಾಗಿದೆ. ಅತಿಯಾದ ಬೆಳಕನ್ನು ಒಳಗೆ ಬಿಡದಿರುವುದು ಸಾಧ್ಯವಿದ್ದಲ್ಲಿ ಅದೇ ಮೊದಲ ಪರಿಹಾರವೆಂಬ ತತ್ವ ಭೂಮಿಯ ಮೇಲಿನ ಕ್ಯಾಮೆರಾಗಳಿಗೂ ಅನ್ವಯಿಸುತ್ತದೆ.

ಮಿತಿಗಳು

ಬೆಸುಗೆಯ ಜಾಗದ ಗುಣಮಟ್ಟ: ಎರಡು ಮಾನ್ಯತೆಗಳು ಕೂಡುವ ಹಂತದಲ್ಲಿ ಚಿತ್ರದ ಸ್ವಚ್ಛತೆ ಒಮ್ಮೆಲೇ ಇಳಿಯುತ್ತದೆ. ದೀರ್ಘ ಮಾನ್ಯತೆಯಲ್ಲಿ 10,000 ಎಲೆಕ್ಟ್ರಾನ್‌ಗಳಿದ್ದಾಗ ಸಂಕೇತವು ಗದ್ದಲದ ಸುಮಾರು 100 ಪಟ್ಟು. ಅದೇ ಬೆಳಕು 16ರಲ್ಲೊಂದು ಪಾಲಿನ ಮಾನ್ಯತೆಯಲ್ಲಿ 625 ಎಲೆಕ್ಟ್ರಾನ್‌ಗಳನ್ನಷ್ಟೇ ಕೊಡುವುದರಿಂದ ಅದು 25 ಪಟ್ಟಿಗೆ ಇಳಿಯುತ್ತದೆ.

ಎಲ್ಇಡಿ ಮಿನುಗು: ಹಲವು ಎಲ್ಇಡಿ ದೀಪಗಳು ಕಣ್ಣಿಗೆ ತಿಳಿಯದ ವೇಗದಲ್ಲಿ ಹೊತ್ತಿ ಆರುತ್ತಿರುತ್ತವೆ. ಭಾರತದ 50 ಹರ್ಟ್ಜ್ ವಿದ್ಯುತ್ತಿನಿಂದ ನೇರವಾಗಿ ನಡೆಯುವ ದೀಪಗಳ ಮಿನುಗಿನ ಅವಧಿ 10 ಮಿಲಿಸೆಕೆಂಡು. ಅದಕ್ಕಿಂತ ಬಹಳ ಹ್ರಸ್ವವಾದ ಮಾನ್ಯತೆ ದೀಪ ಆರಿದ ಕ್ಷಣಕ್ಕೆ ಬಿದ್ದರೆ ಉರಿಯುತ್ತಿರುವ ಸಿಗ್ನಲ್ ಆರಿದಂತೆ ದಾಖಲಾಗುತ್ತದೆ.

ಮಸೂರದ ಚದುರುಬೆಳಕು: ತೀವ್ರ ಬೆಳಕು ಮಸೂರದೊಳಗೆ ಮತ್ತು ಅದರ ಮೇಲಿನ ಗಾಜಿನಲ್ಲಿ ಚದುರಿ ನೆರಳಿನ ಭಾಗಗಳ ಮೇಲೆ ತೆಳುವಾಗಿ ಹರಡುತ್ತದೆ. ಇದರಿಂದ ಸಂವೇದಕವನ್ನು ತಲುಪುವ ದೃಶ್ಯದ ವ್ಯಾಪ್ತಿಯೇ ಕುಗ್ಗುತ್ತದೆ. ಸಿಮೆಂಟ್ ಮತ್ತು ಕಲ್ಲಿನ ದೂಳು ಕೂರುವ ಪ್ರದೇಶದಲ್ಲಿ ಇದು ಅತ್ಯಂತ ಸಾಮಾನ್ಯ ದೋಷ. 120 ಡೆಸಿಬೆಲ್‌ನ ಸಂವೇದಕವಿದ್ದರೂ ಗಾಜು ದೂಳಾಗಿದ್ದರೆ ಹೆಡ್‌ಲೈಟಿನ ಸುತ್ತ ಬಿಳಿ ಮಂಜು ಕವಿಯುತ್ತದೆ.

ತಾಪ: ಬೆಳಕಿಲ್ಲದಿದ್ದರೂ ಶಾಖದಿಂದ ಪಿಕ್ಸೆಲ್‌ನಲ್ಲಿ ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ. ಈ ಕತ್ತಲೆ ಪ್ರವಾಹ ಪ್ರತಿ 6ರಿಂದ 8 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಕಲಬುರಗಿ ಜಿಲ್ಲೆಯಲ್ಲಿ ಬಿಸಿಲಿಗೆ ಮೈಯೊಡ್ಡಿದ ಕ್ಯಾಮೆರಾ ಪೆಟ್ಟಿಗೆಯ ಒಳಗಿನ ತಾಪ ಹೊರಗಿನ ಗಾಳಿಗಿಂತಲೂ ಹೆಚ್ಚಿರುತ್ತದೆ.

ಆಯ್ಕೆ ಮತ್ತು ನಿರ್ವಹಣೆ

ತಯಾರಕರು ನಮೂದಿಸುವ ಡೆಸಿಬೆಲ್ ಸಂಖ್ಯೆಯನ್ನು ಮಾತ್ರ ಆಧರಿಸಿದ ಹೋಲಿಕೆ ಪೂರ್ಣವಲ್ಲ. ಆ ಸಂಖ್ಯೆ ಒಂದೇ ಮಾನ್ಯತೆಯದೋ ಹಲವು ಮಾನ್ಯತೆಗಳ ಮೊತ್ತವೋ, ಯಾವ ತಾಪದಲ್ಲಿ ಅಳೆದದ್ದು, ಮಿನುಗು ನಿವಾರಣೆ ಇದೆಯೇ ಎಂಬುದು ಮುಖ್ಯ. ಕ್ಯಾಮೆರಾ ಇರುವ ಜಾಗದಲ್ಲೇ, ಹೆಡ್‌ಲೈಟ್ ಉರಿಯುವ ವಾಹನದ ಪಕ್ಕದಲ್ಲಿ ಕಡುಬಣ್ಣದ ಬಟ್ಟೆಯ ಬೊಂಬೆಯೊಂದನ್ನು ನಿಲ್ಲಿಸಿ ನೋಡುವ ಪರೀಕ್ಷೆ ಯಾವುದೇ ಪಟ್ಟಿಗಿಂತ ಹೆಚ್ಚು ವಿಶ್ವಾಸಾರ್ಹ. ಕ್ಯಾಮೆರಾವನ್ನು ಸೂರ್ಯ ಅಥವಾ ದೀಪಕ್ಕೆ ನೇರವಾಗಿ ಎದುರಾಗದಂತೆ ತಿರುಗಿಸುವುದು, ನೆರಳಿನ ಭಾಗಕ್ಕೆ ಹೆಚ್ಚುವರಿ ದೀಪ ಹಾಕುವುದು, ಗಾಜನ್ನು ನಿಯತವಾಗಿ ಒರೆಸುವುದು ಮತ್ತು ಪೆಟ್ಟಿಗೆಗೆ ನೆರಳು ಕಲ್ಪಿಸುವುದು ಕಡಿಮೆ ವೆಚ್ಚದ ಕ್ರಮಗಳು.

ಎಚ್‌ಡಿಆರ್ ಪರದೆಯೊಂದಿಗಿನ ವ್ಯತ್ಯಾಸ

ದೂರದರ್ಶನ ಮತ್ತು ಮೊಬೈಲ್ ಪರದೆಗಳ ಮೇಲೆ ನಮೂದಿಸುವ ಎಚ್‌ಡಿಆರ್ ಎಂಬುದು ಪ್ರದರ್ಶನದ ಗುಣ. ಸಂವೇದಕದ ಎಚ್‌ಡಿಆರ್ ಎಂಬುದು ದಾಖಲಾತಿಯ ಗುಣ. ದೊಡ್ಡ ವ್ಯಾಪ್ತಿಯ ದಾಖಲೆಯನ್ನು ಸಾಮಾನ್ಯ ಪರದೆಗೆ ಹೊಂದುವಂತೆ ಕುಗ್ಗಿಸುವ ಕ್ರಿಯೆಯನ್ನು ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಈ ಹಂತದಲ್ಲಿ ನೆರಳುಗಳನ್ನು ಎಷ್ಟು ಎತ್ತಬೇಕು, ಪ್ರಕಾಶವನ್ನು ಎಷ್ಟು ತಗ್ಗಿಸಬೇಕು ಎಂಬ ಆಯ್ಕೆ ನಡೆಯುತ್ತದೆ. ಆದುದರಿಂದ ಅಪಘಾತದ ತನಿಖೆ ಅಥವಾ ತಾಪಮಾಪನದಂತಹ ಉದ್ದೇಶಗಳಿಗೆ ಪರದೆಗಾಗಿ ಸಿದ್ಧಪಡಿಸಿದ ಚಿತ್ರಕ್ಕಿಂತ ಸಂವೇದಕದ ಮೂಲ ದತ್ತಾಂಶವನ್ನು ಉಳಿಸಿಕೊಳ್ಳುವುದು ಸೂಕ್ತ.

ಇವನ್ನೂ ನೋಡಿ

ಛಾಯಾಗ್ರಹಣ
ಸಿಸಿಡಿ
ಸಿಮೆಂಟ್
ಶಹಾಬಾದ್ ಕಲ್ಲು
ವಾಡಿ ಜಂಕ್ಷನ್
ಚಿಂಚೋಳಿ ವನ್ಯಜೀವಿಧಾಮ
ಆದಿತ್ಯ–ಎಲ್1